ಹೆದ್ದಾರಿಯ ಬೇಲಿ ಮತ್ತು ನಮ್ಮ ವ್ಯಾಪಾರ

ಕಲಬುರಗಿ ಜಿಲ್ಲೆಯ ಜೇವರ್ಗಿಯಲ್ಲಿ ಆರಂಭವಾಗುವ ರಾಷ್ಟ್ರೀಯ ಹೆದ್ದಾರಿ 150ಎ ಸುರಪುರವನ್ನು ದಾಟಿ, ಲಿಂಗಸುಗೂರು, ಮಸ್ಕಿ, ಸಿಂಧನೂರುಗಳನ್ನು ಹಾಯ್ದು, ಸಿರುಗುಪ್ಪ, ಬಳ್ಳಾರಿ, ಹಿರಿಯೂರು, ಮೈಸೂರು, ನಂಜನಗೂಡುಗಳ ಮಾರ್ಗವಾಗಿ ಚಾಮರಾಜನಗರವನ್ನು ಮುಟ್ಟುತ್ತದೆ. ನಮ್ಮ ಸದಸ್ಯರಲ್ಲಿ ಬಹುಪಾಲು ಜನರ ಅಕ್ಕಿ, ಹತ್ತಿ, ಕಡಲೆ, ತೊಗರಿ, ಕಲ್ಲು, ಯಂತ್ರದ ಬಿಡಿಭಾಗಗಳು ಸಾಗುವುದು ಈ ರಸ್ತೆಯ ಮೇಲೆಯೇ. ಇದೇ ರಸ್ತೆಯ ಆ ತುದಿಯಲ್ಲಿರುವ ಚಾಮರಾಜನಗರ ಜಿಲ್ಲೆಯಲ್ಲಿ ವಾಹನಗಳಿಗೂ ವನ್ಯಜೀವಿಗಳಿಗೂ ಸಂಬಂಧಿಸಿದ ವ್ಯಾಜ್ಯವೊಂದು 2009ರಿಂದ ಇಂದಿನವರೆಗೂ ಮುಗಿಯದೆ ಉಳಿದಿದೆ. ಆ ವ್ಯಾಜ್ಯದಿಂದ ಈ ತುದಿಯಲ್ಲಿರುವ ನಾವು ಕಲಿಯಬೇಕಾದುದು ಸಾಕಷ್ಟಿದೆ ಎಂದು ನನಗೆ ಬಲವಾಗಿ ಅನ್ನಿಸಿದುದರಿಂದ ಈ ಲೇಖನವನ್ನು ಬರೆಯುತ್ತಿದ್ದೇನೆ.

ವಾಣಿಜ್ಯ ಪತ್ರಿಕೆಯಲ್ಲಿ ಚಿಗರೆ, ತೋಳಗಳ ಮಾತೇಕೆ ಎಂದು ಕೆಲವು ಸದಸ್ಯರು ಹುಬ್ಬೇರಿಸಬಹುದು. ಎರಡು ವರ್ಷಗಳ ಹಿಂದೆ ನಾನೂ ಹಾಗೆಯೇ ಕೇಳುತ್ತಿದ್ದೆನು. ಆ ವರ್ಷದ ಬೇಸಿಗೆಯ ಆರಂಭದಲ್ಲಿ ನಮ್ಮ ಗಿರಣಿಯಿಂದ ಅಕ್ಕಿ ತುಂಬಿಕೊಂಡು ಹೊರಟಿದ್ದ ಬಾಡಿಗೆ ಲಾರಿಯೊಂದು ಮಸ್ಕಿಯನ್ನು ದಾಟಿ ಲಿಂಗಸುಗೂರಿನ ಕಡೆಗೆ ಹೋಗುತ್ತಿದ್ದಾಗ, ನಡುರಾತ್ರಿ ಕಳೆದ ಮೇಲೆ, ಎಡಗಡೆಯ ಕಡಲೆ ಹೊಲದಿಂದ ಚಿಗರೆಗಳ ಹಿಂಡೊಂದು ರಸ್ತೆಗೆ ಹಾರಿತು. ಚಾಲಕನು ಚಕ್ರ ತಿರುಗಿಸಿದನು. ಎಡಗಡೆಯ ಗಾಲಿಗಳು ಡಾಂಬರು ಬಿಟ್ಟು ಇಳಿಜಾರಿಗೆ ಇಳಿದವು; ಲಾರಿ ಮಗ್ಗುಲಾಯಿತು. ಚೀಲಗಳು ಒಡೆದು ಅಕ್ಕಿ ಕಾಲುವೆಯ ಪಕ್ಕದ ಕೆಸರಿಗೆ ಬಿತ್ತು. ಲಾರಿಯ ಮಾಲೀಕರು ಮೂರನೆಯ ವ್ಯಕ್ತಿಯ ವಿಮೆಯನ್ನಷ್ಟೇ ಮಾಡಿಸಿದ್ದರು. ಆದುದರಿಂದ ಲಾರಿಯ ದುರಸ್ತಿಗೆ ಒಂದು ಪೈಸೆಯೂ ಬರಲಿಲ್ಲ. ಸರಕಿಗೆ ವಿಮೆ ಮಾಡಿಸದಿದ್ದುದು ನನ್ನದೇ ತಪ್ಪು. ಮಾಲು ತಲುಪಲಿಲ್ಲವಾಗಿ ಖರೀದಿದಾರರು ಆ ತಿಂಗಳ ಉಳಿದ ಬೇಡಿಕೆಯನ್ನೂ ಬೇರೆಯವರಿಗೆ ಕೊಟ್ಟರು. ಚಾಲಕನ ತೋಳು ಮುರಿದಿತ್ತು. ಆಸ್ಪತ್ರೆಗೆ ನಾನು ಹೋದಾಗ ಆತ ಕೇಳಿದ ಮೊದಲ ಮಾತು: "ಸಾವಕಾರ್ರೇ, ಆ ಚಿಗರಿ ಸತ್ತತೇನ್ರಿ? ನನ್ ಮ್ಯಾಲೆ ಕೇಸ್ ಹಾಕ್ತಾರೇನ್ರಿ?" ಮುರಿದ ತೋಳಿಗಿಂತ ಸತ್ತ ಚಿಗರೆಗೆ ಅವನು ಹೆಚ್ಚು ಅಂಜಿದ್ದನು.

ಆತನ ಅಂಜಿಕೆ ಕಾರಣವಿಲ್ಲದ್ದಲ್ಲ. ಕೃಷ್ಣಮೃಗ, ಅಂದರೆ ನಮ್ಮ ಚಿಗರೆ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿರುವ ಪ್ರಾಣಿ. ಅದನ್ನು ಬೇಟೆಯಾಡಿದವರಿಗೆ ಕನಿಷ್ಠ ಮೂರು ವರ್ಷಗಳ ಸೆರೆವಾಸ ಉಂಟು. ಆಕಸ್ಮಿಕ ಅಪಘಾತ ಬೇರೆ, ಬೇಟೆ ಬೇರೆ ಎಂಬುದು ಓದಿದವರಿಗೆ ಗೊತ್ತು. ರಾತ್ರಿ ಒಂಟಿಯಾಗಿ ಲಾರಿ ಓಡಿಸುವವನಿಗೆ ಅದನ್ನು ಯಾರೂ ಹೇಳಿಲ್ಲ. ಆದುದರಿಂದಲೇ ಅನೇಕರು ಗಾಡಿ ನಿಲ್ಲಿಸದೆ ಹೋಗುತ್ತಾರೆ. ಗಾಯಗೊಂಡ ಪ್ರಾಣಿ ರಸ್ತೆಯಲ್ಲಿಯೇ ನರಳುತ್ತದೆ, ಹಿಂದೆ ಬರುವ ಮೋಟಾರ್ ಸೈಕಲ್ಲಿನವನು ಕತ್ತಲಲ್ಲಿ ಅದರ ಮೇಲೆ ಬೀಳುತ್ತಾನೆ.

ಈಗ ಬಂಡೀಪುರದ ವಿಷಯಕ್ಕೆ ಬರೋಣ. ಮೈಸೂರಿನಿಂದ ಗುಂಡ್ಲುಪೇಟೆಯ ಮೂಲಕ ಕೇರಳದ ಕಲ್ಲಿಕೋಟೆಗೆ ಹೋಗುವ ರಸ್ತೆಗೆ ಆಗ ರಾಷ್ಟ್ರೀಯ ಹೆದ್ದಾರಿ 212 ಎಂದೂ ಈಗ 766 ಎಂದೂ ಸಂಖ್ಯೆ. ಬಂಡೀಪುರ ಹುಲಿ ಸಂರಕ್ಷಿತ ಪ್ರದೇಶದ ನಡುವೆ ಹಾಯುವ ಈ ರಸ್ತೆಯಲ್ಲಿ ರಾತ್ರಿಯ ವಾಹನಗಳಿಗೆ ಸಿಕ್ಕು ಪ್ರಾಣಿಗಳು ಸಾಯುವುದು ಹೆಚ್ಚಾದಾಗ, 2009ರ ಜೂನ್ ತಿಂಗಳಲ್ಲಿ ಚಾಮರಾಜನಗರದ ಜಿಲ್ಲಾಧಿಕಾರಿಗಳು ರಾತ್ರಿ ಒಂಬತ್ತರಿಂದ ಬೆಳಗಿನ ಆರರವರೆಗೆ ಸಂಚಾರವನ್ನು ನಿಷೇಧಿಸಿದರು. ಒತ್ತಡ ಬಂದುದರಿಂದ ಕೆಲವೇ ದಿನಗಳಲ್ಲಿ ಆದೇಶ ಹಿಂದಕ್ಕೆ ಹೋಯಿತು. ವಿಷಯ ಉಚ್ಚ ನ್ಯಾಯಾಲಯದ ಮುಂದೆ ಬಂದು, ಜುಲೈನಲ್ಲಿಯೇ ನಿಷೇಧ ಮತ್ತೆ ಜಾರಿಯಾಯಿತು. 2010ರ ಮಾರ್ಚ್ ತಿಂಗಳಲ್ಲಿ ನ್ಯಾಯಾಲಯವು ಅದನ್ನು ಎತ್ತಿಹಿಡಿಯಿತು. ಅದರ ಮೇಲೆ ಸರ್ವೋಚ್ಚ ನ್ಯಾಯಾಲಯಕ್ಕೆ ಮೇಲ್ಮನವಿ ಹೋಗಿದೆ. ಅಂಬುಲೆನ್ಸ್‌ಗಳಿಗೂ ಎರಡೂ ರಾಜ್ಯಗಳ ಬೆರಳೆಣಿಕೆಯ ಬಸ್ಸುಗಳಿಗೂ ಮಾತ್ರ ರಾತ್ರಿ ದಾರಿ ಉಂಟು. ಗುಂಡ್ಲುಪೇಟೆಯ ತರಕಾರಿ ವ್ಯಾಪಾರಿಗಳು ಒಂಬತ್ತಕ್ಕೆ ಮುಂಚೆ ತಪಾಸಣಾ ಠಾಣೆಯನ್ನು ದಾಟಬೇಕು, ಇಲ್ಲವೆ ಬೆಳಗಾಗುವವರೆಗೆ ಕಾಯಬೇಕು. ಹದಿನೈದು ವರ್ಷಗಳಿಗೂ ಮೇಲ್ಪಟ್ಟು ಒಂದು ಸೀಮೆಯ ವ್ಯಾಪಾರವು ಗಡಿಯಾರದ ಮುಳ್ಳಿಗೆ ಕಟ್ಟುಬಿದ್ದಿದೆ.

ನಾನು ಆ ತೀರ್ಪನ್ನು ಟೀಕಿಸುವವನಲ್ಲ. ಹುಲಿ, ಆನೆಗಳ ಕಾಡಿನ ನಡುವೆ ಹಾದಿ ಇದ್ದಾಗ ರಾತ್ರಿ ಒಂಬತ್ತು ಗಂಟೆಗಳ ವಿಶ್ರಾಂತಿ ಕೊಡುವುದಕ್ಕಿಂತ ಅಗ್ಗವಾದ ಉಪಾಯ ಬೇರೊಂದಿಲ್ಲ. ನಾನು ಹೇಳಬಯಸುವುದು ವರ್ತಕನ ದೃಷ್ಟಿಯ ಮಾತು. ರಸ್ತೆಯನ್ನು ಅಗಲ ಮಾಡುವಾಗ, ಡಾಂಬರು ನಯಗೊಳಿಸುವಾಗ, ವಾಹನಗಳ ವೇಗ ಹೆಚ್ಚಿಸುವಾಗ ಪ್ರಾಣಿಗಳ ದಾರಿಯ ವಿಚಾರವನ್ನು ಯಾರೂ ಮಾಡಲಿಲ್ಲ. ಕೊನೆಗೆ ಉಳಿದ ಉಪಾಯ ಬಾಗಿಲು ಮುಚ್ಚುವುದೊಂದೇ ಆಯಿತು. ಬಾಗಿಲು ಮುಚ್ಚಿದಾಗ ಮೊದಲು ಹೊರಗುಳಿಯುವವರು ವ್ಯಾಪಾರಿಗಳು.

2018ರಲ್ಲಿ ಕೇಂದ್ರ ರಸ್ತೆ ಸಾರಿಗೆ ಸಚಿವಾಲಯವು ಇದೇ ರಸ್ತೆಗೆ ಒಂದು ಪರಿಹಾರವನ್ನು ಸೂಚಿಸಿತು. ಪ್ರಾಣಿಗಳು ಹಾಯುವ ಐದು ಕಡೆ ಒಂದೊಂದು ಕಿಲೋಮೀಟರ್ ಉದ್ದದ ಎತ್ತರದ ಸೇತುವೆ; ಉಳಿದ ಕಾಡಿನುದ್ದಕ್ಕೂ ರಸ್ತೆಯ ಎರಡು ಬದಿಗೆ ಎಂಟು ಅಡಿಯ ಉಕ್ಕಿನ ತಂತಿಬೇಲಿ. ಕಾಗದದ ಮೇಲೆ ಅಂದವಾಗಿ ಕಾಣುವ ಈ ಯೋಜನೆಯನ್ನು ವನ್ಯಜೀವಿ ತಜ್ಞರು ಒಪ್ಪಲಿಲ್ಲ. ಐದು ಕಿಲೋಮೀಟರ್ ತೆರೆದು ಮಿಕ್ಕದ್ದನ್ನು ಮುಚ್ಚಿದರೆ ಒಂದು ಕಾಡು ಎರಡು ಕಾಡಾಗುತ್ತದೆ ಎಂಬುದು ಅವರ ವಾದ. ಬೇಲಿಯ ಬಗ್ಗೆ ಮಾತನಾಡುವ ಯಾರಾದರೂ ಈ ಆಕ್ಷೇಪಣೆಗೆ ಮೊದಲು ಉತ್ತರ ಹೇಳಬೇಕು. ಬೇಲಿಯಿಂದ ಪ್ರಾಣಿ ಸಾಯುವುದು ತಪ್ಪುತ್ತದೆ, ನಿಜ. ಆದರೆ ನೀರು ಒಂದು ಕಡೆ, ಮೇವು ಇನ್ನೊಂದು ಕಡೆ ಉಳಿದರೆ ಅದು ಬೇರೆ ಬಗೆಯಲ್ಲಿ ಸಾಯುತ್ತದೆ. ಬೇಲಿ ತಪ್ಪಾಗಿದ್ದರೆ ಏನಾಗುತ್ತದೆ ಎಂಬುದಕ್ಕೂ ದೂರ ಹೋಗಬೇಕಾಗಿಲ್ಲ. ಆನೆಗಳು ಊರಿಗೆ ಬಾರದಿರಲೆಂದು ನಾಗರಹೊಳೆಯ ಅಂಚಿನಲ್ಲಿ ರೈಲು ಹಳಿಗಳಿಂದ ಬೇಲಿ ಕಟ್ಟಲಾಗಿದೆ. 2018ರ ಡಿಸೆಂಬರ್ ತಿಂಗಳಲ್ಲಿ ವೀರನಹೊಸಹಳ್ಳಿಯ ಬಳಿ ಆ ಬೇಲಿಯನ್ನು ದಾಟಲು ಹೋದ ಆನೆಯೊಂದು ಅದರ ಮೇಲೆಯೇ ಸಿಕ್ಕಿಕೊಂಡು ಪ್ರಾಣ ಬಿಟ್ಟಿತು.

ಬೇಲಿಯು ಕೆಲಸ ಮಾಡಿದ ಉದಾಹರಣೆಗಳೂ ಉಂಟು, ಅವುಗಳನ್ನೂ ನೋಡಬೇಕು. ಕೆನಡಾ ದೇಶದ ಬ್ಯಾಂಫ್ ರಾಷ್ಟ್ರೀಯ ಉದ್ಯಾನದ ನಡುವೆ ಆ ದೇಶದ ಮುಖ್ಯ ಹೆದ್ದಾರಿ ಹಾಯುತ್ತದೆ. ಅಲ್ಲಿ ಸುಮಾರು ಎಂಟು ಅಡಿ ಎತ್ತರದ ಬೇಲಿಯನ್ನು ಹಂತ ಹಂತವಾಗಿ ಹಾಕಿ, ಅದರೊಡನೆ ಆರು ಮೇಲ್ಸೇತುವೆಗಳನ್ನೂ 38 ಅಂಡರ್‌ಪಾಸ್‌ಗಳನ್ನೂ ಪ್ರಾಣಿಗಳಿಗಾಗಿಯೇ ಕಟ್ಟಿದರು. ವಾಹನ ಮತ್ತು ವನ್ಯಜೀವಿಗಳ ಡಿಕ್ಕಿ ಶೇಕಡಾ 80ಕ್ಕಿಂತಲೂ ಹೆಚ್ಚು ಇಳಿಯಿತು. ಜಿಂಕೆಯ ಜಾತಿಯವುಗಳಲ್ಲಿ ಶೇಕಡಾ 96ರಷ್ಟು. ನಮ್ಮ ದೇಶದಲ್ಲಿಯೇ, ನಾಗಪುರದ ಉತ್ತರಕ್ಕೆ ಪೆಂಚ್ ಹುಲಿ ಕಾಡನ್ನು ಹಾಯುವ ರಾಷ್ಟ್ರೀಯ ಹೆದ್ದಾರಿ 44ರ ಮಹಾರಾಷ್ಟ್ರ ಭಾಗದಲ್ಲಿ ಒಂಬತ್ತು ದಾಟುದಾರಿಗಳನ್ನು ಕಟ್ಟಲಾಗಿದೆ. ಚಿಕ್ಕದು 50 ಮೀಟರ್, ದೊಡ್ಡದು 750 ಮೀಟರ್. ರಸ್ತೆ ಮೇಲೆ, ಕಾಡು ಕೆಳಗೆ. ಭಾರತೀಯ ವನ್ಯಜೀವಿ ಸಂಸ್ಥೆಯವರು ಅಲ್ಲಿ ಕ್ಯಾಮೆರಾಗಳನ್ನಿಟ್ಟು ನೋಡಿದಾಗ ಹುಲಿಯೂ ಸೇರಿದಂತೆ 18 ಜಾತಿಯ ಪ್ರಾಣಿಗಳು ಆ ದಾರಿಗಳನ್ನು ಬಳಸುತ್ತಿದ್ದವು. ಆ ರಸ್ತೆಯೂ ವರ್ಷಗಟ್ಟಲೆ ನ್ಯಾಯಾಲಯದಲ್ಲಿ ನಿಂತಿದ್ದಿತು. ಅದನ್ನು ಬಿಡಿಸಿದ್ದು ಈ ದಾಟುದಾರಿಗಳೇ. ಇಂದು ಅಲ್ಲಿ ಲಾರಿಗಳು ಹಗಲುರಾತ್ರಿ ಓಡುತ್ತವೆ. ಬಂಡೀಪುರಕ್ಕೂ ಪೆಂಚ್‌ಗೂ ವರ್ತಕನ ಲೆಕ್ಕದಲ್ಲಿರುವ ವ್ಯತ್ಯಾಸ ಇಷ್ಟೇ, ಮತ್ತು ಇದು ಸಣ್ಣ ವ್ಯತ್ಯಾಸವಲ್ಲ.

ನಮ್ಮ ಮೂರು ತಾಲೂಕುಗಳಲ್ಲಿ ಹುಲಿಯಿಲ್ಲ, ಆನೆಯಿಲ್ಲ, ಘೋಷಿತ ಅಭಯಾರಣ್ಯವೂ ಇಲ್ಲ. ಇದು ಅನುಕೂಲವೆಂದು ತೋರಿದರೂ ವಾಸ್ತವದಲ್ಲಿ ತೊಡಕು. ಅಭಯಾರಣ್ಯದ ಮೂಲಕ ರಸ್ತೆ ಹೋಗುವುದಾದರೆ ವನ್ಯಜೀವಿ ಮಂಡಳಿಯ ಅನುಮತಿ ಬೇಕು, ಅನುಮತಿಯೊಡನೆ ಷರತ್ತುಗಳು ಬರುತ್ತವೆ, ಷರತ್ತುಗಳೊಡನೆ ಹಣವೂ ಬರುತ್ತದೆ. ಹೊಲ ಮತ್ತು ಗಾಯರಾಣದ ಮೂಲಕ ಹೋಗುವ ರಸ್ತೆಗೆ ಇದಾವುದೂ ಇಲ್ಲ. ಆದರೆ ನಮ್ಮ ಪ್ರಾಣಿಗಳು ಇರುವುದೇ ಹೊಲ ಮತ್ತು ಗಾಯರಾಣಗಳಲ್ಲಿ. ಎರೆ ಭೂಮಿಯ ಚಿಗರೆ, ತೋಳ, ನರಿ, ಮೊಲ, ಮುಂಗುಸಿ, ಉಡ, ನವಿಲು. ಗುಡ್ಡಗಳ ಕಡೆಗೆ ಚಿರತೆ. ನೆರೆಯ ಕೊಪ್ಪಳ ಜಿಲ್ಲೆಯಲ್ಲಿ ಗಂಗಾವತಿ ತಾಲೂಕಿನ ಬಂಕಾಪುರವನ್ನು ತೋಳಗಳಿಗಾಗಿಯೇ ಕಾಯ್ದಿಡಲು ಸರ್ಕಾರ ಮುಂದಾಗಿರುವುದು ಈ ಬಯಲು ನಾಡಿನ ಪ್ರಾಣಿಗಳಿಗೂ ಬೆಲೆ ಬಂದಿದೆಯೆಂಬುದರ ಗುರುತು. ಇಂದು ಬೆಲೆ ಬಂದ ವಸ್ತುವಿನ ಮೇಲೆ ನಾಳೆ ವ್ಯಾಜ್ಯ ಬರುತ್ತದೆ ಎಂಬುದು ವ್ಯಾಪಾರಿಗಳಿಗೆ ಹೇಳಿಕೊಡಬೇಕಾದ ಮಾತಲ್ಲ.

ಇಲ್ಲಿ ಒಂದು ಮಾತು ನೆನಪಿಗೆ ಬರುತ್ತದೆ. 1915ರಲ್ಲಿ ಮಸ್ಕಿಯ ಬಂಡೆಯ ಮೇಲೆ ಅಶೋಕನ ಹೆಸರನ್ನೇ ಹೊತ್ತ ಶಾಸನ ಸಿಕ್ಕಿತು. ನಮ್ಮ ಊರಿನ ಹೆಸರು ಜಗತ್ತಿಗೆ ತಿಳಿದುದು ಅದರಿಂದ. ಅದೇ ಅರಸನು ತನ್ನ ಬೇರೆ ಶಾಸನಗಳಲ್ಲಿ ಹೆದ್ದಾರಿಗಳ ಪಕ್ಕದಲ್ಲಿ ಮರ ನೆಡಿಸಿದುದನ್ನೂ ಬಾವಿ ತೋಡಿಸಿದುದನ್ನೂ ಹೇಳಿಕೊಂಡಿದ್ದಾನೆ. ಅದು ಮನುಷ್ಯರಿಗೂ ಪಶುಗಳಿಗೂ ಎಂದು ಸ್ಪಷ್ಟವಾಗಿ ಹೇಳಿದ್ದಾನೆ. ರಸ್ತೆ ಮಾಡುವವನು ಪ್ರಾಣಿಯ ಲೆಕ್ಕವನ್ನೂ ಇಡಬೇಕೆಂಬುದು ಈ ಸೀಮೆಗೆ ಹೊಸದಾಗಿ ಬಂದ ವಿಚಾರವಲ್ಲ.

ಹಾಗಾದರೆ ಸಿಂಧನೂರಿನಿಂದ ಲಿಂಗಸುಗೂರಿನವರೆಗೆ ಬೇಲಿ ಹಾಕಿಬಿಡೋಣವೆ? ಬೇಡ ಎಂಬುದು ನನ್ನ ಅಭಿಪ್ರಾಯ. ಈಗಿರುವ ಹೆದ್ದಾರಿಗೆ ಹತ್ತಾರು ಹೊಲದ ದಾರಿಗಳು ಬಂದು ಸೇರುತ್ತವೆ. ಟ್ರ್ಯಾಕ್ಟರ್ ಹಾಯಬೇಕು, ಬಂಡಿ ಹಾಯಬೇಕು, ಕುರಿ ಹಿಂಡು ಹಾಯಬೇಕು, ಸಂಜೆ ಎಮ್ಮೆಗಳು ಮನೆಗೆ ಬರಬೇಕು. ಅಲ್ಲಿ ಬೇಲಿ ಹಾಕಿದರೆ ಮೊದಲ ವಾರದಲ್ಲಿಯೇ ಯಾರಾದರೂ ತಂತಿ ಕತ್ತರಿಸುತ್ತಾರೆ, ಕತ್ತರಿಸಿದವರನ್ನು ನಾನು ಬೈಯಲಾರೆ. ಕತ್ತರಿಸಿದ ಬೇಲಿ ಇಲ್ಲದ ಬೇಲಿಗಿಂತಲೂ ಕೆಟ್ಟದ್ದು. ಒಳಗೆ ನುಗ್ಗಿದ ಚಿಗರೆ ಹೊರಗೆ ಹೋಗುವ ದಾರಿ ಕಾಣದೆ ಎರಡು ಜಾಲರಿಗಳ ನಡುವೆ ರಸ್ತೆಯುದ್ದಕ್ಕೂ ಓಡುತ್ತದೆ. ಈ ಕಾರಣಕ್ಕಾಗಿಯೇ ಹೊರದೇಶಗಳಲ್ಲಿ ಬೇಲಿಯ ಒಳಬದಿಗೆ ಅಲ್ಲಲ್ಲಿ ಮಣ್ಣಿನ ಏರು ಮಾಡಿ, ಒಳಗಿನಿಂದ ಹೊರಕ್ಕೆ ಜಿಗಿಯಬಹುದಾದ, ಹೊರಗಿನಿಂದ ಒಳಕ್ಕೆ ಬರಲಾರದ ಜಾಗಗಳನ್ನು ಬಿಟ್ಟಿರುತ್ತಾರೆ.

ತುಂಡು ಬೇಲಿಯ ವಿಷಯದಲ್ಲಿಯೂ ಎಚ್ಚರ ಬೇಕು. ಅಮೆರಿಕದಲ್ಲಿ ನಡೆದ ಅಧ್ಯಯನಗಳ ಪ್ರಕಾರ ಐದು ಕಿಲೋಮೀಟರಿಗಿಂತ ಉದ್ದವಾದ ಬೇಲಿಗಳು ಡಿಕ್ಕಿಗಳನ್ನು ಶೇಕಡಾ 80ಕ್ಕಿಂತ ಹೆಚ್ಚು ತಗ್ಗಿಸುತ್ತವೆ; ಅದಕ್ಕಿಂತ ಚಿಕ್ಕವು ಸರಾಸರಿ ಅರ್ಧದಷ್ಟು ಮಾತ್ರ, ಅದೂ ಭರವಸೆಯಿಲ್ಲ. ಬೇಲಿಯ ಕೊನೆಗಳಲ್ಲಿ ಪ್ರಾಣಿಗಳು ಗುಂಪುಗೂಡಿ ದಾಟುವುದೇ ಇದಕ್ಕೆ ಕಾರಣ. ನಮ್ಮಲ್ಲಿ ಯಾವ ಕಾಮಗಾರಿ ಬಂದರೂ ಊರಿಗೆ ಅರ್ಧ ಕಿಲೋಮೀಟರಿನಂತೆ ಹಂಚುವ ಪದ್ಧತಿ ಉಂಟು. ಬೇಲಿಯನ್ನು ಹಾಗೆ ಹಂಚಿದರೆ ಹಣವೂ ಹೋಯಿತು, ಪ್ರಾಣಿಯೂ ಹೋಯಿತು.

ಈಗಿನ 150ಎ ರಸ್ತೆಗೆ ಬೇಕಾದುದು ರಾತ್ರಿಯ ವೇಗಕ್ಕೆ ಕಡಿವಾಣ. ಚಿಗರೆ ಹಾಯುವ ಜಾಗಗಳು ಎಲ್ಲೆಂದರಲ್ಲಿ ಇಲ್ಲ. ನಮ್ಮ ಚಾಲಕರಿಗೆ ಅವು ಬೆರಳ ತುದಿಯಲ್ಲಿವೆ. ಅಲ್ಲಿ ಫಲಕ, ಉಬ್ಬು, ಪ್ರತಿಫಲಿಸುವ ಪಟ್ಟಿ, ರಸ್ತೆಯಂಚಿನ ಜಾಲಿಪೊದೆಗಳ ತೆರವು ಇವಿಷ್ಟಾದರೆ ಚಾಲಕನಿಗೆ ನಾಲ್ಕು ಕ್ಷಣ ಮೊದಲು ಕಣ್ಣಿಗೆ ಬೀಳುತ್ತದೆ. ಬಂಡೀಪುರದ ರಸ್ತೆಯಲ್ಲಿ ಹಗಲು ಹೊತ್ತಿನ ವೇಗವನ್ನು ತಡೆಯುತ್ತಿರುವುದು ಈ ಉಬ್ಬುಗಳೇ. ಹಳ್ಳಗಳ ಮೇಲಿನ ಸೇತುವೆಗಳ ಕೆಳಗೆ ಪ್ರಾಣಿಗಳು ಈಗಾಗಲೇ ಹಾಯುತ್ತವೆ; ಅಲ್ಲಿ ತುಂಬಿರುವ ಕಸ, ಕಟ್ಟಡದ ಅವಶೇಷ, ಮುಳ್ಳುಕಂಟಿಗಳನ್ನು ತೆಗೆದರೆ ಸಾಕು. ಕಾಲುವೆಯ ಸೇತುವೆಗಳ ಮಾತು ಬೇರೆ. ತುಂಗಭದ್ರಾ ಎಡದಂಡೆ ಕಾಲುವೆಯ ಕವಲುಗಳಲ್ಲಿ ನೀರು ಹರಿಯುವಾಗ ದಂಡೆಯಿಂದ ದಂಡೆಗೆ ನೀರೇ ಇರುತ್ತದೆ. ಪಕ್ಕದಲ್ಲಿ ಮೊಣಕಾಲುದ್ದ ಎತ್ತರಿಸಿದ ಒಣ ಕಟ್ಟೆಯೊಂದನ್ನು ಬಿಟ್ಟರೆ ನರಿ, ಮುಂಗುಸಿಗಳಿಗೂ, ಹಾಗೆಯೇ ನೀರಗಂಟಿಗೂ ದಾರಿಯಾಗುತ್ತದೆ.

ಹೊಸ ರಸ್ತೆಯ ಪ್ರಶ್ನೆ ಇದಕ್ಕಿಂತ ದೊಡ್ಡದು. ಪಣಜಿ–ಹೈದರಾಬಾದ್ ಆರ್ಥಿಕ ಕಾರಿಡಾರಿನ ಅಂಗವಾಗಿ ಬೆಳಗಾವಿಯಿಂದ ಹುನಗುಂದದ ಮೂಲಕ ರಾಯಚೂರಿಗೆ ಬರುವ ರಾಷ್ಟ್ರೀಯ ಹೆದ್ದಾರಿ 748ಎ ಚತುಷ್ಪಥವಾಗುವ ಕಾಮಗಾರಿಯನ್ನು ಭಾಗ ಭಾಗವಾಗಿ ಕೈಗೊಳ್ಳಲಾಗಿದೆ. ಅದು ನಮ್ಮ ಜಿಲ್ಲೆಯ ಹೊಲಗಳನ್ನು ಹಾಯ್ದೇ ಬರಬೇಕು. ಬಂದರಿಗೂ ಹೈದರಾಬಾದಿನ ಪೇಟೆಗೂ ಹತ್ತಿರವಾಗುವ ಇಂತಹ ರಸ್ತೆಯನ್ನು ನಾವೆಲ್ಲರೂ ಬಯಸಿದವರೇ. ಇಂತಹ ರಸ್ತೆಗಳಲ್ಲಿ ಜನ, ದನ ನುಗ್ಗದಿರಲೆಂದು ಬೇಲಿ ಹೇಗಿದ್ದರೂ ಬರುತ್ತದೆ. ಅದನ್ನು ನಾವು ಕೇಳಬೇಕಾಗಿಲ್ಲ, ಬೇಡವೆಂದರೂ ನಿಲ್ಲುವುದಿಲ್ಲ. ಕೇಳಬೇಕಾದುದು ಬೇಲಿಯ ನಡುವೆ ದಾರಿ ಎಲ್ಲೆಲ್ಲಿ ಎಂಬುದನ್ನು. ಸಾಮಾನ್ಯವಾಗಿ ಇಂಜಿನಿಯರರು ಟ್ರ್ಯಾಕ್ಟರ್ ಹಾಯುವಷ್ಟು ಅಗಲದ ಪೆಟ್ಟಿಗೆಯಂತಹ ಅಂಡರ್‌ಪಾಸ್ ಕೊಡುತ್ತಾರೆ. ತೋಳ, ನರಿ ಅದರಲ್ಲಿ ಹಾಯಬಹುದು. ಚಿಗರೆ ಹಾಯುವುದು ಕಷ್ಟ. ಬಯಲಿನಲ್ಲಿ ಬೆಳೆದ, ಕಣ್ಣನ್ನೇ ನಂಬಿದ ಪ್ರಾಣಿಯದು; ಕತ್ತಲೆಯ ಸುರಂಗಕ್ಕೆ ಅದು ಕಾಲಿಡುವುದಿಲ್ಲ. ಅಮೆರಿಕದ ವಯೋಮಿಂಗ್ ರಾಜ್ಯದಲ್ಲಿ ನಮ್ಮ ಚಿಗರೆಯಂತೆಯೇ ಬಯಲು ಪ್ರಾಣಿಯಾದ ಪ್ರಾಂಗ್‌ಹಾರ್ನ್ ಎಂಬ ಜಿಂಕೆಗಾಗಿ 2012ರಲ್ಲಿ ಎರಡು ಮೇಲ್ಸೇತುವೆ, ಆರು ಅಂಡರ್‌ಪಾಸ್ ಕಟ್ಟಿದಾಗ, ಪ್ರಾಂಗ್‌ಹಾರ್ನ್‌ಗಳಲ್ಲಿ ಬಹುಪಾಲು ಮೇಲ್ಸೇತುವೆಯನ್ನೇ ಆರಿಸಿಕೊಂಡವು. ಬೇರೆ ಜಾತಿಯ ಜಿಂಕೆಗಳು ಕೆಳಗಿನ ದಾರಿಗಳನ್ನು ಬಳಸಿದವು. ಆದುದರಿಂದ ಚಿಗರೆ ಹೆಚ್ಚಿರುವ ಒಂದೆರಡು ಕಡೆಯಾದರೂ ರಸ್ತೆಯನ್ನೇ ಎತ್ತರಿಸಿ, ಕೆಳಗೆ ಈ ಬದಿಯಿಂದ ಆ ಬದಿ ಕಾಣುವಷ್ಟು ಅಗಲವಾಗಿ ಬಿಡಬೇಕು. ಅದೇ ದಾರಿಯಲ್ಲಿ ಹಗಲು ಕುರಿಗಾರರು ಹಾಯಲಿ. ಭಾರತೀಯ ವನ್ಯಜೀವಿ ಸಂಸ್ಥೆಯು 2016ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯಲ್ಲಿ ಇಂತಹ ರಚನೆಗಳ ವಿವರಗಳೆಲ್ಲ ಇವೆ. ಹೊಸದಾಗಿ ಕಂಡುಹಿಡಿಯಬೇಕಾದುದು ಏನೂ ಇಲ್ಲ. ರಸ್ತೆ ಮುಗಿದ ಮೇಲೆ ಸೇತುವೆ ಸೇರಿಸುವ ಖರ್ಚು ಎಷ್ಟಾಗುತ್ತದೆಂಬುದು ಗಿರಣಿಯ ಕಟ್ಟಡ ಮುಗಿದ ಮೇಲೆ ಅಡಿಪಾಯ ಬದಲಿಸಿದವರಿಗೆ ಗೊತ್ತು.

ರೈತರ ಮಾತನ್ನೂ ಮರೆಯುವಂತಿಲ್ಲ. ಮೊಳಕೆಯೊಡೆದ ಕಡಲೆ, ಜೋಳಗಳನ್ನು ಚಿಗರೆ ಹಿಂಡು ಒಂದೇ ರಾತ್ರಿಯಲ್ಲಿ ಮೇಯ್ದು ಹೋಗುತ್ತದೆ. ಹೆದ್ದಾರಿಗೆ ಬೇಲಿ ಬಿದ್ದು ಹಿಂಡೆಲ್ಲ ಒಂದೇ ಬದಿಯಲ್ಲಿ ಉಳಿದರೆ ಆ ಬದಿಯ ರೈತನ ಗತಿಯೇನು? ದಾಟುವ ದಾರಿ ಬೇಕೆನ್ನುವುದಕ್ಕೆ ಇದೂ ಒಂದು ಕಾರಣ.

ಈಗ ನಮ್ಮ ಸಣ್ಣ ಕೈಗಾರಿಕೆಗಳ ಸದಸ್ಯರಿಗಾಗಿ ಒಂದು ಲೆಕ್ಕ. ಹತ್ತು ಅಡಿಗೆ ಒಂದು ಕಂಬದಂತೆ ಹಿಡಿದರೆ ಐದು ಕಿಲೋಮೀಟರ್ ರಸ್ತೆಯ ಎರಡೂ ಬದಿಗೆ ಸುಮಾರು 3,280 ಕಂಬಗಳು ಬೇಕು. ಎಂಟು ಅಡಿ ಎತ್ತರವೆಂದರೆ ಸುಮಾರು 24,000 ಚದರ ಮೀಟರ್ ಜಾಲರಿ. ಸಿಮೆಂಟ್ ಕಂಬ ಎರಕ ಹೊಯ್ಯುವುದಾಗಲಿ, ಜಾಲರಿ ಹೆಣೆಯುವುದಾಗಲಿ, ಕಬ್ಬಿಣದ ಗೇಟು ಬೆಸೆಯುವುದಾಗಲಿ ನಮ್ಮ ಊರುಗಳ ಘಟಕಗಳಿಗೆ ಮೀರಿದ ಕೆಲಸವಲ್ಲ. ಆದರೆ ದೂರದ ಗುತ್ತಿಗೆದಾರನು ತರುವ ಮಾಲಿಗಿಂತ ನಮ್ಮ ಮಾಲು ಹೇಗೆ ಮೇಲು ಎಂಬುದನ್ನು ನಾವು ತೋರಿಸಬೇಕು. ನಮಗೆ ನಮ್ಮ ಮಣ್ಣು ಗೊತ್ತು. ಎರೆ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕೈ ಹಾಕುವಷ್ಟು ಬಿರಿಯುತ್ತದೆ. ಒಂದೂವರೆ ಅಡಿ ಗುಂಡಿಯಲ್ಲಿ ನಿಲ್ಲಿಸಿದ ಕಂಬ ಎರಡನೆಯ ಮಳೆಗಾಲಕ್ಕೆ ಮುಂಚೆಯೇ ವಾಲುತ್ತದೆ. ಗುಂಡಿ ಆಳವಾಗಬೇಕು, ಮೊರಂ ತುಂಬಿ ದಮ್ಮಸ್ಸು ಮಾಡಬೇಕು. ಸಿಂಧನೂರಿನ ನೀರಾವರಿ ಭಾಗದ ಸವುಳು ನೆಲದಲ್ಲಿ ಅಗ್ಗದ ತಂತಿ ಬೇಗ ತುಕ್ಕು ಹಿಡಿಯುತ್ತದೆ. ಸತುವಿನ ಲೇಪ ದಪ್ಪವಿರಬೇಕು. ಚಿಗರೆ ಎತ್ತರಕ್ಕೆ ಹಾರಬಲ್ಲದಾದರೂ ಬೇಲಿ ಕಂಡಾಗ ಸಾಮಾನ್ಯವಾಗಿ ಕೆಳಗೆ ನುಸುಳಲು ನೋಡುತ್ತದೆ, ತೋಳ ಮಣ್ಣು ತೋಡುತ್ತದೆ. ಜಾಲರಿಯ ಕೆಳ ಅಂಚನ್ನು ನೆಲದೊಳಗೆ ಹೂಳಬೇಕು. ಮುಳ್ಳುತಂತಿ ಮಾತ್ರ ಬೇಡವೇ ಬೇಡ. ಅಗ್ಗವೆಂದು ಅದನ್ನು ಹಾಕಿದರೆ ಓಡುತ್ತ ಬಂದ ಪ್ರಾಣಿ ಅದರಲ್ಲಿ ಸಿಕ್ಕಿ ಸೀಳಿಹೋಗುತ್ತದೆ.

ಇನ್ನು ಹೇಳಲು ನನಗೆ ಸ್ವಲ್ಪ ಸಂಕೋಚವಾಗುವ ವಿಷಯ. ಪ್ರಾಣಿಗಳನ್ನು ರಸ್ತೆಗೆ ಕರೆಯುವವರಲ್ಲಿ ನಾವೂ ಇದ್ದೇವೆ. ಕಟಾವಿನ ಕಾಲದಲ್ಲಿ ರಸ್ತೆಯ ಅರ್ಧ ಭಾಗದಲ್ಲಿ ಭತ್ತವನ್ನೂ ಜೋಳವನ್ನೂ ಒಣಗಲು ಹರವುತ್ತಾರೆ. ಹಕ್ಕಿಗಳು ಬರುತ್ತವೆ, ಇಲಿ ಬರುತ್ತದೆ, ಇಲಿಯ ಹಿಂದೆ ಹಾವು ಬರುತ್ತದೆ, ರಾತ್ರಿ ನರಿ ಬರುತ್ತದೆ. ಬೆಳಿಗ್ಗೆ ನೋಡಿದರೆ ಡಾಂಬರಿಗೆ ಅಂಟಿಕೊಂಡ ಗರಿ, ಚರ್ಮಗಳು. ರಾಶಿಯ ಮೇಲಿಟ್ಟ ಕಲ್ಲುಗಳಿಗೆ ಮೋಟಾರ್ ಸೈಕಲ್ಲಿನವರು ಡಿಕ್ಕಿ ಹೊಡೆದು ಬಿದ್ದ ಪ್ರಸಂಗಗಳನ್ನು ನಾವೆಲ್ಲರೂ ಕಂಡಿದ್ದೇವೆ. ಹಸಿ ಭತ್ತಕ್ಕೆ ತೇವಾಂಶದ ಹೆಸರಿನಲ್ಲಿ ದರ ಕಡಿತ ಮಾಡುವವರು ನಾವು. ಗಂಜ್‌ನಲ್ಲಿ ಸಾಕಷ್ಟು ಒಣಗಿಸುವ ಕಟ್ಟೆಗಳಿಲ್ಲದಾಗ ರೈತನು ರಸ್ತೆಗೆ ಹೋಗದೆ ಎಲ್ಲಿಗೆ ಹೋಗಬೇಕು? ಮೇಲಾಗಿ ಹರಿದ ಚೀಲ, ಸಡಿಲ ಹಿಂಬಾಗಿಲಿನ ಲಾರಿಗಳಿಂದ ನಮ್ಮ ಧಾನ್ಯ ಊರಿಂದೂರಿಗೆ ಸೋರುತ್ತದೆ. ಮೇಲೆ ಹೇಳಿದ ಬ್ಯಾಂಫ್‌ನಲ್ಲಿ ಹೆದ್ದಾರಿಗೆ ಅಷ್ಟು ದೊಡ್ಡ ಬೇಲಿ ಹಾಕಿದ ಮೇಲೂ, ಪಕ್ಕದ ರೈಲು ಹಳಿಯ ಮೇಲೆ ವ್ಯಾಗನ್ನುಗಳಿಂದ ಸೋರಿದ ಧಾನ್ಯ ತಿನ್ನಲು ಬಂದ ಕರಡಿಗಳು ರೈಲಿಗೆ ಸಿಕ್ಕು ಸತ್ತವು. ಒಂದು ತಾಡಪತ್ರಿ, ಒಂದು ಹಗ್ಗ, ಸೂಜಿ ದಾರ ಹಿಡಿದ ಒಬ್ಬ ಹಮಾಲ. ಇದಕ್ಕೆ ಸರ್ಕಾರದ ಮಂಜೂರಾತಿ ಬೇಕಾಗಿಲ್ಲ.

ಹಣದ ವಿಷಯ. ಹೊಸ ಹೆದ್ದಾರಿಯ ದಾಟುದಾರಿಗಳು ಆ ಯೋಜನೆಯ ವೆಚ್ಚದಲ್ಲಿಯೇ ಆಗಬೇಕು; ಅದರಲ್ಲಿ ಚರ್ಚೆಯಿಲ್ಲ. ಈಗಿನ ರಸ್ತೆಯ ಸಣ್ಣಪುಟ್ಟ ಕೆಲಸಗಳಿಗೆ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯನ್ನು ಕೇಳಬಹುದು. 2013ರ ಕಂಪನಿ ಕಾಯ್ದೆಯ ಸಾಮಾಜಿಕ ಹೊಣೆಗಾರಿಕೆಯ ಪಟ್ಟಿಯಲ್ಲಿ ಪರಿಸರ ಮತ್ತು ಪ್ರಾಣಿ ಕಲ್ಯಾಣ ಸೇರಿವೆ. ಐದು ಕೋಟಿ ರೂಪಾಯಿ ನಿವ್ವಳ ಲಾಭದ ಗೆರೆಯನ್ನು ಮುಟ್ಟುವವರು ನಮ್ಮಲ್ಲಿ ವಿರಳವಾದರೂ, ಜಿಲ್ಲೆಯಲ್ಲಿ ದೊಡ್ಡ ಉದ್ದಿಮೆಗಳು ಇಲ್ಲದಿಲ್ಲ. ಫಲಕಗಳ ಖರ್ಚನ್ನು ಮಾತ್ರ ನಾವೇ ಹೊರಬೇಕೆಂದು ನನ್ನ ಸಲಹೆ. ಕೈಯಿಂದ ಏನೂ ಹಾಕದವನ ಮನವಿಯನ್ನು ಅಧಿಕಾರಿಗಳು ಹೇಗೆ ಓದುತ್ತಾರೆಂಬುದು ನಮಗೆ ಅನುಭವದಿಂದ ತಿಳಿದಿದೆ.

ಚಾಲಕರಿಗೆ ಸಂಬಂಧಿಸಿದ ಒಂದು ಕೆಲಸವನ್ನು ಈ ತಿಂಗಳಲ್ಲಿಯೇ ಮಾಡಬಹುದು. ಪ್ರಾಣಿಗೆ ಗಾಡಿ ತಾಗಿದರೆ ಓಡಿಹೋಗಬಾರದು; ಗಾಡಿಯನ್ನು ಬದಿಗೆ ನಿಲ್ಲಿಸಿ, ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೂ ಹೆದ್ದಾರಿ ಸಹಾಯವಾಣಿ 1033ಕ್ಕೂ ತಿಳಿಸಬೇಕು; ಸತ್ತ ಪ್ರಾಣಿಯನ್ನು ಮುಟ್ಟಬಾರದು, ಗಾಡಿಯಲ್ಲಿ ಹಾಕಿಕೊಳ್ಳಲೇಬಾರದು. ಅಪಘಾತವನ್ನು ತಾನಾಗಿ ತಿಳಿಸಿದ ಚಾಲಕನನ್ನು ಬೇಟೆಗಾರನಂತೆ ನಡೆಸಿಕೊಳ್ಳುವುದಿಲ್ಲವೆಂಬ ಮಾತನ್ನು ನಮ್ಮ ಪದಾಧಿಕಾರಿಗಳು ಜಿಲ್ಲೆಯ ಅರಣ್ಯಾಧಿಕಾರಿಗಳಿಂದ ಪಡೆದು, ಈ ಪತ್ರಿಕೆಯಲ್ಲಿ ಪ್ರಕಟಿಸಿ, ಲಾರಿ ಸಂಘದ ಕಚೇರಿಯ ಗೋಡೆಗೂ ಹಚ್ಚಬೇಕು.

ನಮ್ಮ ಗಿರಣಿಗೆ ಬರುವ ಚಾಲಕರನ್ನು ಕೂರಿಸಿಕೊಂಡು, ಸಿಂಧನೂರು–ಮಸ್ಕಿ–ಲಿಂಗಸುಗೂರು ನಡುವೆ ರಾತ್ರಿ ಪ್ರಾಣಿಗಳು ಹಾಯುವ ಜಾಗಗಳನ್ನು ಕಿಲೋಮೀಟರ್ ಕಲ್ಲಿನ ಲೆಕ್ಕದಲ್ಲಿ ಬರೆಸಿದ್ದೇನೆ. ತೋಳು ಮುರಿದುಕೊಂಡ ಆ ಚಾಲಕನೇ ಅದರಲ್ಲಿ ಹೆಚ್ಚಿನ ಜಾಗಗಳನ್ನು ಹೇಳಿದವನು. ಈಗ ಅವನು ಮತ್ತೆ ಅದೇ ದಾರಿಯಲ್ಲಿ ಲಾರಿ ಓಡಿಸುತ್ತಿದ್ದಾನೆ. ಪಟ್ಟಿಯ ಪ್ರತಿಯನ್ನು ನಮ್ಮ ಸಂಸ್ಥೆಯ ಕಾರ್ಯದರ್ಶಿಗಳಿಗೆ ಕೊಟ್ಟಿದ್ದೇನೆ. ಲಿಂಗಸುಗೂರು, ಮಸ್ಕಿ ಕಡೆಯ ಸದಸ್ಯರು ತಮ್ಮ ಚಾಲಕರಿಂದಲೂ ಹೀಗೆಯೇ ಬರೆಸಿ ಮುಂದಿನ ಸಭೆಯೊಳಗಾಗಿ ಕಳುಹಿಸಿದರೆ, ಎಲ್ಲವನ್ನೂ ಒಂದೇ ನಕ್ಷೆಯಲ್ಲಿ ಗುರುತಿಸಿ ಹೆದ್ದಾರಿ ಅಧಿಕಾರಿಗಳ ಮುಂದೆ ಇಡಬಹುದು.